ಎರಡು ಕಣ್ಣಿನ ಮೋರಿ

ನಮ್ಮಪ್ಪನಿಗೆ ಊರುಗಳ ಹೆಸರು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮೋರಿಗಳ ನಂಬರು ಮಾತ್ರ ಮರೆಯುತ್ತಿರಲಿಲ್ಲ. ಅತ್ತೆಯ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ, “ಹನ್ನೆರಡು ಬೈ ಮೂರು ದಾಟಿ ಎಡಕ್ಕೆ ಇಳಿದರೆ ಹೆಂಚಿನ ಮನೆ” ಎನ್ನುತ್ತಿದ್ದ. ಕೇಳಿದವರು ತಲೆಯಾಡಿಸಿ ಬೇರೆಯವರ ಹತ್ತಿರ ದಾರಿ ಕೇಳುತ್ತಿದ್ದರು. ರಸ್ತೆಬದಿಯ ಮೋರಿಕಟ್ಟೆಗೆ ಸುಣ್ಣ ಬಳಿದು ಕಪ್ಪು ಬಣ್ಣದಲ್ಲಿ 12/3 ಎಂದು ಬರೆದಿರುತ್ತಾರಲ್ಲ, ಅದು ಹನ್ನೆರಡನೆಯ ಕಿಲೋಮೀಟರಿನ ಮೂರನೆಯ ಮೋರಿ ಎಂಬುದರ ಗುರುತು. ನನಗೆ ಭಿನ್ನರಾಶಿಗಿಂತ ಮೊದಲು ಇದೇ ಪರಿಚಯವಾದದ್ದರಿಂದ ಶಾಲೆಯಲ್ಲಿ ಒಮ್ಮೆ ಅವಾಂತರವಾಯಿತು. ಮೇಷ್ಟ್ರು ಹಲಗೆಯ ಮೇಲೆ 12/3 ಎಂದು ಬರೆದು “ಎಷ್ಟು?” ಎಂದಾಗ ನಾನು ಎದ್ದು ನಿಂತು “ಅಕ್ಕಿ ಗಿರಣಿಯ ತಿರುವು, ಸಾರ್” ಎಂದೆ. ಬೆತ್ತದ ಏಟು ನಾಲ್ಕು ಬಿತ್ತು. ಸರಿಯುತ್ತರ ಹಾಗೆ ಗೊತ್ತಾಯಿತು.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದ. ಮುಂದೆ ಇಲಾಖೆ ಆ ಹುದ್ದೆಗೆ ದೊಡ್ಡ ಹೆಸರನ್ನೇ ಇಟ್ಟಿತು, ಆದರೆ ಊರವರ ಬಾಯಲ್ಲಿ ಕೊನೆಯವರೆಗೂ ಓವರ್ಸಿಯರೇ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಕವಲೊಡೆಯುವ ಒಂದು ಒಳರಸ್ತೆ ಅವನ ಪಾಲಿಗೆ ಬಂದಿತ್ತು. ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಅಂದರೆ ಬಿದ್ದ ನೀರೆಲ್ಲ ಬಿದ್ದಲ್ಲೇ ನಿಂತರೆ ನಾಲ್ಕಾಳು ಒಬ್ಬರ ಹೆಗಲ ಮೇಲೊಬ್ಬರು ನಿಂತ ಎತ್ತರ ದಾಟಿ ಮುಳುಗಿಸುವಷ್ಟು. ಅಂಥಲ್ಲಿ ರಸ್ತೆ ಮಾಡುವುದೆಂದರೆ ಗುಡ್ಡದಿಂದ ಇಳಿಯುವ ನೂರಾರು ಹಳ್ಳಗಳ ಎದುರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ ಹಾಗೆ. ಒಂದೊಂದು ಹಳ್ಳಕ್ಕೂ ದಾರಿ ಬಿಡಬೇಕು. ಆ ದಾರಿ ಬಿಡುವ ಕೆಲಸ ಅಪ್ಪನದು.

ಇಲಾಖೆಯ ಲೆಕ್ಕದಲ್ಲಿ ಆರು ಮೀಟರಿನವರೆಗಿನದು ಮೋರಿ, ಅದಕ್ಕೆ ಮೇಲ್ಪಟ್ಟರೆ ಸೇತುವೆ. ಸೇತುವೆಗೆ ಶಂಕುಸ್ಥಾಪನೆ ಉಂಟು, ಮಂತ್ರಿಗಳುಂಟು, ಬಾಳೆಕಂದು ಉಂಟು, ಎಂಜಿನಿಯರರ ಹೆಸರು ಕೆತ್ತಿದ ಕಲ್ಲುಂಟು. ಮೋರಿಗೆ ಒಂದು ತೆಂಗಿನಕಾಯಿ, ಅದೂ ಮೇಸ್ತ್ರಿಯ ಖರ್ಚಿನಲ್ಲಿ. ಅಪ್ಪನ ಮೂವತ್ತು ಚಿಲ್ಲರೆ ವರ್ಷಗಳ ಸರ್ವೀಸಿನಲ್ಲಿ ಆರು ಮೀಟರ್ ದಾಟಿದ ಒಂದೂ ಕೆಲಸ ಅವನ ಕೈಗೆ ಬರಲಿಲ್ಲ. ಒಮ್ಮೆ ಒಂದು ಹಳ್ಳ ಐದು ಮುಕ್ಕಾಲು ಮೀಟರಿನವರೆಗೆ ಬಂದು ನಿಂತಿತು. ಆ ವಾರವೆಲ್ಲ ಅವನು ಟೇಪು ಹಿಡಿದು ಸಂಜೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದನಂತೆ, ಹಳ್ಳ ಒಂದು ಗೇಣು ಬೆಳೆದಿದೆಯೋ ಎಂದು ನೋಡಲು. ಹಳ್ಳ ಪ್ರಾಮಾಣಿಕವಾಗಿತ್ತು, ಬೆಳೆಯಲಿಲ್ಲ. ಅಪ್ಪನೂ ಪ್ರಾಮಾಣಿಕನಾಗಿದ್ದ, ಟೇಪು ಎಳೆಯಲಿಲ್ಲ.

ನಮ್ಮ ಮನೆಯ ಮುಖ್ಯ ಘಟನೆಗಳೆಲ್ಲ ಮೋರಿಗಳ ನಂಬರಿನಲ್ಲೇ ದಾಖಲಾಗಿವೆ. ಚಿಕ್ಕಪ್ಪನ ಮದುವೆಯ ದಿಬ್ಬಣದ ಬಸ್ಸು ಕೆಟ್ಟದ್ದು ಹದಿನಾಲ್ಕು ಬೈ ಒಂದರಲ್ಲಿ. ಅಜ್ಜ ತೀರಿಕೊಂಡ ಸುದ್ದಿ ಹೊತ್ತ ಆಳು ಅಪ್ಪನಿಗೆ ಎದುರಾದದ್ದು ಏಳು ಬೈ ನಾಲ್ಕರಲ್ಲಿ. ನಾನು ಹುಟ್ಟಿದ್ದು ಒಂಬತ್ತು ಬೈ ಎರಡರ ಹತ್ತಿರ. ಹತ್ತಿರ ಎಂದೆ, ಏಕೆಂದರೆ ಆಗ ಅಲ್ಲಿ ಮೋರಿ ಇರಲಿಲ್ಲ. ಇಲ್ಲದ್ದರಿಂದಲೇ ನಾನು ಅಲ್ಲಿ ಹುಟ್ಟಿದ್ದು. 1966ರ ಆಷಾಢದ ಒಂದು ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಜೀಪು ಆ ತಗ್ಗಿಗೆ ಬರುವ ಹೊತ್ತಿಗೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ಲಾಟೀನು ಹಿಡಿದು ಬಂದು ಅಮ್ಮನನ್ನು ಒಳಗೆ ಕರೆದುಕೊಂಡಳು. ಬೆಳಗಾಗುವ ಹೊತ್ತಿಗೆ ನೀರೂ ಇಳಿದಿತ್ತು, ನಾನೂ ಇಳಿದಿದ್ದೆ.

ಅಪ್ಪ ಆ ರಾತ್ರಿ ಅಂಗಳದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತು ಏನು ಯೋಚಿಸಿದನೋ ತಿಳಿಯದು. ಅಮ್ಮ ಹೇಳುವ ಪ್ರಕಾರ, ಮಗುವಿನ ಮುಖ ನೋಡಲು ಒಳಗೆ ಬಂದವನು ಮೊದಲು ಅಜ್ಜಿಯ ಕಡೆ ತಿರುಗಿ ಕೇಳಿದ್ದು ಇದು: “ಅಜ್ಜೀ, ಅತಿ ಹೆಚ್ಚು ಅಂದ್ರೆ ಈ ಹಳ್ಳ ಎಲ್ಲೀವರೆಗೆ ಬಂದಿತ್ತು?”

ಇದು ಹುಚ್ಚಲ್ಲ, ಶಾಸ್ತ್ರ. ಹಳ್ಳಕ್ಕೆ ಎಷ್ಟು ನೀರು ಬರುತ್ತದೆ ಎಂದು ಎಣಿಸಲು ಅಪ್ಪನ ಹತ್ತಿರ ಒಂದು ಸೂತ್ರವಿತ್ತು. ರೈವ್ಸ್ ಎಂಬ ಎಂಜಿನಿಯರ್ 1884ರಲ್ಲಿ ಮದರಾಸಿನ ಕಡೆಯ ಹಳ್ಳಹೊಳೆಗಳನ್ನು ನೋಡಿ ಕೊಟ್ಟದ್ದು. ನೀರು ಹರಿದುಬರುವ ಪ್ರದೇಶದ ವಿಸ್ತೀರ್ಣವನ್ನು ಮೂರನೇ ಎರಡರ ಘಾತಕ್ಕೇರಿಸಿ, ಸೀಮೆಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಆ ‘ತಕ್ಕ ಅಂಕಿ’ ಎಂಬಲ್ಲೇ ಇರುವುದು ತಮಾಷೆ. ಹಾಗಾಗಿ ಸೂತ್ರ ಹಾಕಿದ ಮೇಲೂ ಊರವರನ್ನು ವಿಚಾರಿಸಬೇಕೆಂದು ಇಲಾಖೆಯ ಪುಸ್ತಕವೇ ಹೇಳುತ್ತದೆ. ಅಪ್ಪ ಗಂಡಸರನ್ನು ಕೇಳುತ್ತಿರಲಿಲ್ಲ. ಗಂಡಸರು ಪ್ರವಾಹವನ್ನು ತಮ್ಮ ಸಾಹಸಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ ಎನ್ನುತ್ತಿದ್ದ. ಅಜ್ಜಿಯರು ಹಾಗಲ್ಲ. ನೀರು ಕೊಟ್ಟಿಗೆಯ ಯಾವ ಮೆಟ್ಟಿಲಿಗೆ ಬಂದಾಗ ಯಾವ ಎಮ್ಮೆ ಕರು ಹಾಕಿತ್ತು ಎಂಬಷ್ಟು ಖಚಿತ. ಆ ಅಜ್ಜಿ, “ನಾನು ಮದುವೆಯಾಗಿ ಬಂದ ವರ್ಷ ಆ ಹಲಸಿನಮರದ ಗಂಟಿನವರೆಗೆ” ಎಂದಳು. ಅಪ್ಪ ಬೆಳಗ್ಗೆ ಹೋಗಿ ಗಂಟನ್ನು ಅಳೆದು ಬಂದ. ನನ್ನ ತೂಕ ಯಾರೂ ನೋಡಿದ ಹಾಗಿಲ್ಲ.

ಸೂತ್ರ ಒಂದು ಕಣ್ಣು ಸಾಕು ಎಂದಿತ್ತು, ಅಜ್ಜಿಯ ಹಲಸಿನಮರ ಎರಡು ಬೇಕು ಎಂದಿತು. ಕಣ್ಣು ಎಂದರೆ ನೀರು ಹಾಯುವ ಕಂಡಿ. ನಮ್ಮ ಜನ ಸೇತುವೆಯನ್ನೂ ಮೋರಿಯನ್ನೂ ಎಣಿಸುವುದು ಕಣ್ಣಿನಿಂದಲೇ. ಮೇಲಿನವರು ಒಪ್ಪಲಿಲ್ಲ. ಹಲಸಿನಮರವನ್ನು ಎಸ್ಟಿಮೇಟಿಗೆ ಲಗತ್ತಿಸಲು ಬರುತ್ತದೆಯೇ ಎಂದು ಕೇಳಿದರಂತೆ. ಪತ್ರಗಳು ಹೋದವು, ಬಂದವು. ಕೊನೆಗೆ ಎರಡನೆಯ ಕಣ್ಣಿಗೆ ಮಂಜೂರಾತಿ ಸಿಕ್ಕಿತು, ಆದರೆ ಖರ್ಚು ಮೀರಬಾರದೆಂಬ ಷರತ್ತಿನ ಮೇಲೆ. ಅಪ್ಪ ಮೋರಿಕಟ್ಟೆಯನ್ನು ಮೊಟಕು ಮಾಡಿ ಲೆಕ್ಕ ಸರಿದೂಗಿಸಿದ. ಹೀಗಾಗಿ ಆ ರಸ್ತೆಯಲ್ಲಿ ಬೇರೆಲ್ಲ ಕಟ್ಟೆಗಳ ಮೇಲೆ ಐದು ಜನ ಕೂತು ರಾಜಕೀಯ ಮಾತಾಡಬಹುದಿತ್ತು. ಒಂಬತ್ತು ಬೈ ಎರಡರಲ್ಲಿ ಮೂವರಿಗಷ್ಟೇ ಜಾಗ. ನಾಲ್ಕನೆಯವನು ನಿಂತೇ ವಾದಿಸಬೇಕು. ನಿಂತವನು ಬೇಗ ಸೋಲುತ್ತಾನೆ ಎಂದು ಆ ಊರಿನಲ್ಲಿ ನಂಬಿಕೆ.

ನನ್ನ ಬಾಲ್ಯದ್ದು ಎಂದು ಇರುವುದು ಒಂದೇ ಫೋಟೋ. ವರ್ಷ ತುಂಬಿದ ನಾನು ಒಂದು ದೊಡ್ಡ ಸಿಮೆಂಟು ಕೊಳವೆಯೊಳಗೆ ಕುಳಿತಿದ್ದೇನೆ. ಮುಖದಲ್ಲಿ ಅಳುವಿಗೂ ನಗುವಿಗೂ ನಡುವಿನ ಅನಿಶ್ಚಯ. ಮೋಹದಿಂದ ತೆಗೆಸಿದ ಚಿತ್ರವೆಂದು ಬಹಳ ವರ್ಷ ನಂಬಿದ್ದೆ. ಅದರ ಹಿಂದೆ ಅಪ್ಪನ ಕೈಬರಹದಲ್ಲಿ “9/2, ಕೊಳವೆಯ ವ್ಯಾಸ ತೋರಿಸಲು” ಎಂದಿರುವುದನ್ನು ಓದಿದ್ದು ಕಾಲೇಜು ಸೇರಿದ ಮೇಲೆ. ಎಂಜಿನಿಯರರು ಫೋಟೋ ತೆಗೆಯುವಾಗ ಅಳತೆ ತಿಳಿಯಲಿ ಎಂದು ಪಕ್ಕದಲ್ಲಿ ಕೊಡೆಯನ್ನೋ ಗುದ್ದಲಿಯನ್ನೋ ಇಡುವುದುಂಟು. ಆ ದಿನ ಕೊಡೆ ಮನೆಯಲ್ಲೇ ಉಳಿದಿತ್ತಂತೆ.

ಆ ಕೊಳವೆಗೆ ಹ್ಯೂಮ್ ಪೈಪು ಎಂದು ಹೆಸರು. ಊರವರು ಹೂಂ ಪೈಪು ಎನ್ನುತ್ತಿದ್ದರು. ಮಕ್ಕಳಾದ ನಮಗೆ ಆ ಹೆಸರಿನ ಅರ್ಥದಲ್ಲಿ ಸಂಶಯವೇ ಇರಲಿಲ್ಲ: ಒಳಗೆ ಬಗ್ಗಿ ಏನು ಕೇಳಿದರೂ ಅದು ಹೂಂ ಎನ್ನುತ್ತದೆ. ರಸ್ತೆಬದಿಯಲ್ಲಿ ಹೂಳದೆ ಉಳಿದ ಕೊಳವೆಗಳ ಬಾಯಿಗೆ ಬಾಯಿಟ್ಟು “ನಾಳೆ ಮಳೆಗೆ ರಜಾ ಕೊಡ್ತಾರಾ?” ಎಂದು ಕೂಗುತ್ತಿದ್ದೆವು. ಮಲೆನಾಡಿನ ಜುಲೈಯಲ್ಲಿ ಆ ಭವಿಷ್ಯ ಸುಳ್ಳಾದದ್ದು ಕಡಿಮೆ. ವಾಲ್ಟರ್ ಹ್ಯೂಮ್ ಎಂಬ ಆಸ್ಟ್ರೇಲಿಯಾದವನೊಬ್ಬ 1910ರಲ್ಲಿ ಅಚ್ಚನ್ನು ಗರಗರ ತಿರುಗಿಸಿ, ಆ ರಭಸಕ್ಕೆ ಕಾಂಕ್ರೀಟು ಗೋಡೆಗೆ ಅಪ್ಪಿಕೊಳ್ಳುವಂತೆ ಮಾಡಿ ಕೊಳವೆ ತಯಾರಿಸುವ ಉಪಾಯ ಕಂಡುಹಿಡಿದ, ವಾಲ್‌ಚಂದ್ ಹೀರಾಚಂದರು 1926ರಲ್ಲಿ ಅದರ ಕಂಪನಿಯನ್ನು ನಮ್ಮ ದೇಶದಲ್ಲಿ ತೆರೆದರು ಎಂದೆಲ್ಲ ಮುಂದೆ ಓದಿದಾಗ ನನಗೆ ಸಂತೋಷವೇನೂ ಆಗಲಿಲ್ಲ. ಕೆಲವು ವಿಷಯ ತಿಳಿಯದಿದ್ದರೇ ಸರಿ.

ಕೊಳವೆ ಹೂಳುವುದು ಒಂದು ಶಾಸ್ತ್ರೋಕ್ತ ಕಾರ್ಯ. ಕೆಳಗೆ ಹಾಸು, ಎರಡೂ ಬದಿಗೆ ಒಂದೇ ಸಮ ಮಣ್ಣು, ಗೇಣು ಗೇಣಿಗೆ ದಿಮ್ಮಸು. ಒಂದು ಬದಿಗೆ ಹೆಚ್ಚು ಹಾಕಿ ಇನ್ನೊಂದು ಬದಿ ಬರಿದು ಬಿಟ್ಟರೆ ಕೊಳವೆ ಮುನಿಸಿಕೊಂಡವರ ಹಾಗೆ ಪಕ್ಕಕ್ಕೆ ಸರಿಯುತ್ತದೆ. ನೆತ್ತಿಯ ಮೇಲೆ ಕನಿಷ್ಠ ಎರಡಡಿ ಮಣ್ಣಿರಬೇಕು. ಇಲ್ಲದಿದ್ದರೆ ಲಾರಿಯ ಗಾಲಿಯ ಭಾರ ನೇರ ತಲೆಗೇ ಬೀಳುತ್ತದೆ. ಅಪ್ಪ ಆ ಎರಡಡಿಯನ್ನು ತಲೆದಿಂಬು ಎನ್ನುತ್ತಿದ್ದ. ಕೆಲಸ ಮುಗಿದ ದಿನ ಮೇಲೆ ರಸ್ತೆ ಹಾಸಿದರೆ ಮುಗಿಯಿತು. ಕೆಳಗೇನಿದೆ ಎಂದು ಮತ್ತೆ ಯಾರಿಗೂ ಕಾಣದು. ಕಣ್ಣಿಗೆ ಬೀಳುವ ಕಟ್ಟಡ ಕಟ್ಟಿದವನಿಗೆ ಹೊಗಳಿಕೆ, ಕಣ್ಣಿಗೆ ಬೀಳದ್ದನ್ನು ಕಟ್ಟಿದವನಿಗೆ ಬೈಗುಳವೂ ಇಲ್ಲ. ಬೈಗುಳ ಸಿಗುವುದು ಅದು ಕಟ್ಟಿಕೊಂಡಾಗ ಮಾತ್ರ.

ಹಾಗೆ ಕಟ್ಟಿಕೊಳ್ಳಬಾರದೆಂದು ಪ್ರತಿ ಮೇ ತಿಂಗಳ ಕೊನೆಗೆ ಅಪ್ಪನ ಯಾತ್ರೆ ಹೊರಡುತ್ತಿತ್ತು. ಸೈಕಲ್ಲು, ಹಿಂದೆ ಗ್ಯಾಂಗಿನ ಇಬ್ಬರು. ಪ್ರತಿ ಮೋರಿಯ ಹತ್ತಿರ ಇಳಿದು, ಪ್ಯಾಂಟು ಮಡಿಸಿ, ಹಳ್ಳಕ್ಕಿಳಿದು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ಕಣ್ಣಿನೊಳಗೆ ಕಣ್ಣಿಟ್ಟು ನೋಡುತ್ತಿದ್ದ. ಆ ಕಡೆಯ ಬೆಳಕು ಕಂಡರೆ ಪಾಸು. ಕಾಣದಿದ್ದರೆ ದರಗು, ಕೊಂಬೆ, ಕಲ್ಲು ತೆಗೆಸಬೇಕು. ಒಳಗೆ ಏನೇನೆಲ್ಲ ಇರುತ್ತಿತ್ತು! ಮುಳ್ಳುಹಂದಿಯ ಸಂಸಾರ, ಅಡಗಿಸಿಟ್ಟ ಕಳ್ಳಭಟ್ಟಿಯ ಡಬ್ಬ, ನಾಲ್ಕನೇ ಕ್ಲಾಸಿನ ಬೀಡಿ ಸೇದುವ ಹುಡುಗರು, ಒಮ್ಮೆ ನಾಟಕದಿಂದ ತಪ್ಪಿಸಿಕೊಂಡು ಬಂದು ಮಲಗಿದ್ದ ಒಬ್ಬ ದುಶ್ಶಾಸನ. ಅಮ್ಮ ರೇಗುತ್ತಿದ್ದಳು: “ಮೂರು ಹೊತ್ತೂ ಮೋರಿ ನೋಡಿದ್ದು ಸಾಕು, ಒಂದು ಸಲ ನನ್ನ ಮೋರೆ ನೋಡಿ.” ಅಪ್ಪ ನೋಡುತ್ತಿದ್ದ. ಬೆಳಕು ಕಾಣುತ್ತಿತ್ತೋ ಏನೋ, ಮತ್ತೆ ಸೈಕಲ್ಲು ಹತ್ತುತ್ತಿದ್ದ.

ನಡುವೆ ಮೂರು ವರ್ಷ ಚಳ್ಳಕೆರೆಯ ಕಡೆಗೆ ವರ್ಗವಾಯಿತು. ಆಗುಂಬೆಯಲ್ಲಿ ಒಂದೇ ವಾರದಲ್ಲಿ ಬೀಳುವ ಮಳೆ ಅಲ್ಲಿ ಇಡೀ ವರ್ಷಕ್ಕೆ ಬಿದ್ದರೆ ಪುಣ್ಯ. ಅಪ್ಪ ಶ್ರದ್ಧೆಯಿಂದ ಅಲ್ಲೂ ಮೋರಿ ಕಟ್ಟಿಸಿದ. ಎರಡು ವರ್ಷ ಅದರಲ್ಲಿ ನೀರಿನ ಹನಿ ಹರಿಯಲಿಲ್ಲ. ಒಬ್ಬ ಕುರಿಗಾಹಿ ಮರಿಗಳನ್ನು ಒಳಗೆ ಕಟ್ಟಿ, ಬಾಯಿಗೆ ಜಾಲಿಮುಳ್ಳಿನ ಬಾಗಿಲು ಮಾಡಿಕೊಂಡ. ಸರ್ಕಾರ ತನಗೇ ಕಟ್ಟಿಸಿಕೊಟ್ಟದ್ದೆಂದು ಅವನ ಭಾವನೆ. ಅಪ್ಪನಿಗೆ ಹಾಲು ತಂದುಕೊಡುತ್ತಿದ್ದ. ಮೂರನೆಯ ವರ್ಷ ಒಂದು ಮಧ್ಯರಾತ್ರಿ ಬಾಗಿಲು ಬಡಿಯುವ ಸದ್ದು. ತೊಪ್ಪೆಯಾಗಿ ನೆನೆದ ಕುರಿಗಾಹಿ, ಕಂಕುಳಲ್ಲಿ ಎರಡು ಮರಿ: “ಸ್ವಾಮೀ, ಬೇಗ ಬರ್ರಿ, ನಿಮ್ಮ ಮೋರಿಯಾಗ ನೀರು ಬಂದುಬಿಟ್ಟೈತ್ರೀ!” ದೂರು ಕೊಡಲು ಬಂದಿದ್ದ. ತನ್ನ ಮೋರಿಗೆ ನೀರು ಬಂತೆಂದು ಅಪ್ಪನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಬೇರೆಂದೂ ನೋಡಿಲ್ಲ. ಅದನ್ನು ಮುಚ್ಚಿಟ್ಟುಕೊಳ್ಳಲು ಅವನು ಪಟ್ಟ ಪಾಡನ್ನೂ. ಪುಣ್ಯಕ್ಕೆ ಮರಿಗಳೆಲ್ಲ ಉಳಿದಿದ್ದವು.

ನಿವೃತ್ತನಾದ ಮೇಲೆ ಬೆಂಗಳೂರಿಗೆ, ನನ್ನ ಮನೆಗೆ ಬಂದ. ಮೊದಲ ದಿನವೇ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಕೆಳಗಿಟ್ಟು ಸುತ್ತಲೂ ನೋಡಿ, “ಇದು ಕೆರೆಯಂಗಳ ಅಲ್ವಾ?” ಎಂದ. ಹೌದು, ಧರ್ಮಾಂಬುಧಿ ಕೆರೆ ಇದ್ದ ಜಾಗವೇ ಅದು. “ಕೋಡಿ ಯಾವ ಕಡೆಗಿತ್ತು?” ಎಂದ. ಎಂಬತ್ತು ಪ್ಲಾಟ್‌ಫಾರ್ಮು ಹುಡುಕಿ ಸುಸ್ತಾಗಿದ್ದ ನನಗೆ ಕೋಡಿ ಹುಡುಕುವ ತಾಳ್ಮೆ ಇರಲಿಲ್ಲ, ಆಟೋ ಕರೆದೆ. ಆಮೇಲೆ ಅವನು ಒಬ್ಬನೇ ನಡೆದೂ ನಡೆದೂ ಊರನ್ನು ತನ್ನದೇ ರೀತಿಯಲ್ಲಿ ತಿಳಿದುಕೊಂಡ. ಬೆಂಗಳೂರು ಕುಳಿತಿರುವುದು ದಿಣ್ಣೆಯ ಮೇಲೆ. ಆ ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಈ ಕಡೆ ಬಿದ್ದದ್ದು ಕೆರೆಯಿಂದ ಕೆರೆಗೆ ಇಳಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಕೆರೆಗಳನ್ನು ಹೊಲಿದ ದಾರವೇ ರಾಜಕಾಲುವೆ. “ಹೆಸರಿಗೆ ರಾಜ, ಪಾಪ, ರಾಜ್ಯ ಹೋಗಿದೆ” ಎನ್ನುತ್ತಿದ್ದ. ನಮ್ಮ ಅಪಾರ್ಟ್‌ಮೆಂಟಿನ ಹೆಸರಿನಲ್ಲಿ ಸರೋವರವೊಂದಿದೆ. ಎಲ್ಲಿದೆ ಎಂದು ಕೇಳಿ ಕಾವಲುಗಾರನನ್ನು ಪೇಚಿಗೆ ಸಿಕ್ಕಿಸಿದ್ದ. ಅದು ಎಲ್ಲಿತ್ತೆಂದು ನನಗೆ ಗೊತ್ತಾದದ್ದು 2022ರ ಸೆಪ್ಟೆಂಬರಿನಲ್ಲಿ, ಹೊರವರ್ತುಲ ರಸ್ತೆಯ ಕಂಪನಿಗಳ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ. ನಮ್ಮ ಕಾರುಗಳು ನೆಲಮಾಳಿಗೆಯಲ್ಲಿ ತೇಲಿ ಒಂದಕ್ಕೊಂದು ಮುತ್ತಿಕ್ಕುತ್ತಿದ್ದವು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಅವನ ಕೊನೆಯ ವರ್ಷಗಳಲ್ಲಿ ನನ್ನ ಮಗಳು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಳು. ಅಜ್ಜ ಮೊಮ್ಮಗಳ ನಡುವೆ ನನಗೆ ಪ್ರವೇಶವಿಲ್ಲದ ಮಾತುಕತೆ ನಡೆಯುತ್ತಿತ್ತು. ಒಂದು ಸಂಜೆ ಅವಳು ಮೊಬೈಲಿನಲ್ಲಿ ಹೂಳುಸೇತುವೆಯ ಚಿತ್ರ ತೋರಿಸಿದಳು. ಅಲೆಅಲೆಯಾದ ಉಕ್ಕಿನ ತಗಡನ್ನು ಕಮಾನಿನ ಹಾಗೆ ಬಾಗಿಸಿ ನಿಲ್ಲಿಸಿ, ಮೇಲೂ ಪಕ್ಕಕ್ಕೂ ಮಣ್ಣು ತುಂಬಿ ರಸ್ತೆ ಮಾಡುವುದು. ಕೆಳಗೆ ಹಳ್ಳವೂ ಹರಿಯಬಹುದು, ರೈಲೂ ಓಡಬಹುದು, ಕಾಡಿನಲ್ಲಾದರೆ ಪ್ರಾಣಿಗಳೂ ದಾಟಬಹುದು. ಅಪ್ಪ ಕನ್ನಡಕ ಏರಿಸಿ ನೋಡಿ, “ಇದೆಂಥ ಮಾರಾಯ್ತಿ, ಹಪ್ಪಳ! ಲಾರಿ ಹತ್ತಿದ್ರೆ ಪುಡಿ” ಎಂದ. ಅವಳು ನಕ್ಕು ವಿವರಿಸಿದಳು. ತಗಡಿನ ಕೊಳವೆಗೆ ಅಮೆರಿಕದಲ್ಲಿ 1896ರಲ್ಲೇ ಪೇಟೆಂಟು ಸಿಕ್ಕಿತ್ತಂತೆ. ಬರೀ ತಗಡಿಗೆ ಬಲ ಸಾಲದು, ನಿಜ. ಆದರೆ ಭಾರ ಬಿದ್ದಾಗ ಕಮಾನು ಬದಿಗೆ ಹಿಗ್ಗಲು ಹೋಗುತ್ತದೆ, ಬದಿಯ ಮಣ್ಣು ಹಿಗ್ಗಗೊಡುವುದಿಲ್ಲ, ಹಾಗೆ ತಡೆದು ಭಾರವನ್ನು ತಾನೇ ಹಂಚಿಕೊಳ್ಳುತ್ತದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. “ಅಂದ್ರೆ, ಮಣ್ಣು ಹಾಕಿದ ಮೇಲೇ ಇದಕ್ಕೆ ಬಲ” ಎಂದ.

“ಹೌದಜ್ಜ.”

“ಹಾಗಾದ್ರೆ ನನಗೆ ಸ್ವಲ್ಪ ದಿನದಲ್ಲೇ ಒಳ್ಳೆ ಬಲ ಬರ್ತದೆ” ಎಂದು ಹೊಟ್ಟೆ ಕುಲುಕಿಸಿ ನಕ್ಕ. ಅವಳೂ ನಕ್ಕಳು. ನಾನು ಪೇಪರ್ ಓದುತ್ತಿದ್ದೆ, ಅದೇ ಪುಟವನ್ನು ಇನ್ನೊಮ್ಮೆ ಓದಿದೆ. ನಮ್ಮಲ್ಲಿ ಹೂಳುವುದಿಲ್ಲ, ಸುಡುತ್ತಾರೆ ಎಂದು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

2018ರ ಜುಲೈಯಲ್ಲಿ ಆಸ್ಪತ್ರೆಯ ಕಿಟಕಿಯ ಹೊರಗೆ ಮಳೆ ಹೊಯ್ಯುತ್ತಿದ್ದಾಗ ಅಪ್ಪ ಕಣ್ಣು ತೆರೆದು ಕೇಳಿದ, “ಒಂಬತ್ತು ಬೈ ಎರಡು ಕಣ್ಣು ಬಿಟ್ಟಿದೆಯಾ?” ನಾನು “ಬಿಟ್ಟಿದೆ ಅಪ್ಪ, ಎರಡೂ” ಎಂದೆ. ಆ ಕಡೆಗೆ ನಾನು ಹೋಗಿ ಹನ್ನೊಂದು ವರ್ಷವಾಗಿತ್ತು. ಅವನು ತೃಪ್ತನಾಗಿ ಕಣ್ಣು ಮುಚ್ಚಿದ. ಇಲಾಖೆಯವರಿಗೆ ಸುಳ್ಳು ಅಳತೆ ಕೊಟ್ಟವರನ್ನು ಅವನು ಜನ್ಮದಲ್ಲಿ ಕ್ಷಮಿಸಿದವನಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಹೋದೆ. ರಸ್ತೆ ಅಗಲವಾಗಿದೆ. ಮೂವರ ಕಟ್ಟೆ ಇಲ್ಲ. ಅಲ್ಲಿ ಈಗ ಕಬ್ಬಿಣದ ತಡೆಪಟ್ಟಿ, ಅದರ ಮೇಲೆ ಯಾರೂ ಕೂರಲಾರರು. ಕಿಲೋಮೀಟರುಗಳನ್ನು ಬೇರೆ ಕಡೆಯಿಂದ ಎಣಿಸಿರಬೇಕು, ನಂಬರು 31/4 ಎಂದಾಗಿದೆ. ಹಲಸಿನಮರ ಇಲ್ಲ, ಅಜ್ಜಿಯ ಮನೆ ಇದ್ದಲ್ಲಿ ಹೋಂಸ್ಟೇ. ನಾನೇ ತಪ್ಪು ತಗ್ಗಿಗೆ ಬಂದೆನೇನೋ ಎನ್ನಿಸಿತು. ಕೆಳಗಿಳಿದು ನೋಡಿದರೆ ಹೊಸ ಕೊಳವೆಯ ಬಾಯಿಗಳೆರಡು. ರಸ್ತೆ ಅಗಲ ಮಾಡುವಾಗ ಹಳೆಯದನ್ನು ತೆಗೆದಿಲ್ಲ; ಎರಡೂ ತುದಿಗೆ ಹೊಸತನ್ನು ಜೋಡಿಸಿ ಉದ್ದ ಮಾಡಿದ್ದಾರೆ. ನಡುವೆ, ಕತ್ತಲಲ್ಲಿ, ಅಪ್ಪನದು ಇದೆ. ನಾನು ಕೂತಿದ್ದ ಕೊಳವೆಯೂ ಅಲ್ಲೇ ಎಲ್ಲೋ.

ಪ್ಯಾಂಟು ಮಡಿಸಿದೆ. ಮೊಣಕಾಲು ನೋಯುತ್ತಿತ್ತು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಬಗ್ಗಿದೆ. ಹಿಂದಿನಿಂದ ಹಾರನ್ನು. ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಬೈಕಿನವನು ನಿಲ್ಲಿಸಿ, “ಎಂಥ ಬಿತ್ತು ಸಾರ್?” ಎಂದ.

“ಏನಿಲ್ಲ. ಆ ಕಡೆ ಬೆಳಕು ಕಾಣ್ತದಾ ಅಂತ.”

ಇಂಥ ಉತ್ತರ ಕೊಟ್ಟವರನ್ನು ಬಿಟ್ಟು ಹೊರಟುಹೋಗುವುದೇ ಕ್ಷೇಮ. ಅವನು ಮಾತ್ರ ಒಂದು ಗಳಿಗೆ ಯೋಚಿಸಿ, ಬೈಕಿಗೆ ಸ್ಟ್ಯಾಂಡು ಹಾಕಿ, ಲುಂಗಿ ಎತ್ತಿ ಕಟ್ಟಿ ಇಳಿದು ಬಂದ. ನನ್ನ ಪಕ್ಕದ ಕಣ್ಣಿಗೆ ಬಗ್ಗಿದ. ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ಇದ್ದೆವು.

“ಇದ್ರಲ್ಲಿ ಚಂದ ಕಾಣ್ತದೆ ಸಾರ್. ನಿಮ್ದ್ರಲ್ಲಿ?”

ನನ್ನದರಲ್ಲಿ ಹೂಳು ಮುಕ್ಕಾಲು ಏರಿತ್ತು. ಮೇಲೆ, ದೂರದಲ್ಲಿ, ಬಿದಿಗೆಯ ಚಂದ್ರನಷ್ಟು ಬೆಳಕು.

“ಹೂಂ” ಎಂದೆ.

ಒಳಗಿನಿಂದ ಕೊಳವೆಯೂ ಹೂಂ ಎಂದಿತು.